ಕಡಲು ಕುದುರುವ ತನಕ ಬಕೆಟ್ ಕೆಳಗಿರಲಿ

ಗಾಜಿನ ತೊಟ್ಟಿ ಬಂತು, ಅದಕ್ಕೊಂದು ಸ್ಟ್ಯಾಂಡ್ ಬಂತು. ಉಪ್ಪು ಕದಡಿ ನೀರು ತುಂಬಿಸಿದ್ದಾಯಿತು, ಕಲ್ಲು ಜೋಡಿಸಿದ್ದಾಯಿತು, ಮೇಲೆ ನೀಲಿ ದೀಪವೂ ಹೊತ್ತಿತು. ಕಿತ್ತಳೆ ಬಣ್ಣದ ಕ್ಲೌನ್ ಫಿಶ್ ಯಾವಾಗ ಬರುತ್ತದೆ ಎಂದು ಮಕ್ಕಳು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ಅಂಗಡಿಯವನದು ಮಾತ್ರ ಒಂದೇ ಮಾತು: ‘ಇನ್ನೂ ಒಂದು ತಿಂಗಳು ಮೀನು ಬಿಡಬೇಡಿ ಸಾರ್, ಟ್ಯಾಂಕ್ ಸೈಕಲ್ ಆಗಬೇಕು.’

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಕಟ್ಟುವ ಎಲ್ಲರೂ ದಾಟಲೇಬೇಕಾದ ಘಟ್ಟವಿದು. ಎರಡನೆಯ ವಾರದ ಹೊತ್ತಿಗೆ ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾದ ಬಣ್ಣ ಗಾಢವಾಗುತ್ತದೆ. ನೀರು ಸ್ವಲ್ಪ ಮಬ್ಬಾಗುತ್ತದೆ, ಕಲ್ಲಿನ ಮೇಲೆ ಕಂದು ಲೇಪ ಹತ್ತುತ್ತದೆ. ಆಗ ಕೈ ತಾನಾಗಿಯೇ ಬಕೆಟ್ಟಿನತ್ತ ಹೋಗುತ್ತದೆ. ಕೆಟ್ಟ ನೀರು ಚೆಲ್ಲಿ ಒಳ್ಳೆಯ ನೀರು ತುಂಬಿದರೆ ತಪ್ಪೇನು? ಹಾಗೆ ಮಾಡಿದರೆ ಸೈಕಲ್ಲೇ ನಿಂತುಹೋಗುತ್ತದೆ ಎಂದು ಒಬ್ಬರು ಹೆದರಿಸುತ್ತಾರೆ. ವಾರವಾರವೂ ಬದಲಿಸಿದರೆ ಬೇಗ ಮುಗಿಯುತ್ತದೆ ಎಂದು ಇನ್ನೊಬ್ಬರು ಧೈರ್ಯ ಹೇಳುತ್ತಾರೆ. ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ತೊಟ್ಟಿಯೊಳಗೆ ಆಗ ಏನು ನಡೆಯುತ್ತಿರುತ್ತದೆ ಎಂಬುದು ಗೊತ್ತಾದರೆ ನೀರು ಯಾವಾಗ ಬದಲಿಸಬೇಕು, ಯಾವಾಗ ಕೈಕಟ್ಟಿ ಕೂರಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ವಿಷ ತಿನ್ನುವವರ ಸರದಿ

ಮೀನು ತನ್ನ ದೇಹದ ತ್ಯಾಜ್ಯವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ, ಸತ್ತ ಜೀವಿಗಳು ಕೊಳೆತಾಗಲೂ ಅದೇ ಅಮೋನಿಯಾ. ಸಮುದ್ರದಲ್ಲಿ ಅದು ಎಲ್ಲಿಗೋ ಕರಗಿಹೋಗುತ್ತದೆ. ನೂರು ಲೀಟರಿನ ತೊಟ್ಟಿಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಬೀಡುಬಿಟ್ಟರೆ ಮಾತ್ರ ಮೀನಿಗೆ ಉಳಿವು.

ಈ ಕೆಲಸ ಎರಡು ಹಂತಗಳಲ್ಲಿ ಆಗುತ್ತದೆ. ನೈಟ್ರೊಸೊಮೊನಾಸ್‌ನಂಥ ಮೊದಲ ಗುಂಪಿನ ಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೊಸ್ಪೈರಾದಂಥ ಎರಡನೆಯ ಗುಂಪಿನವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮೀನಿಗೆ ಅಷ್ಟಾಗಿ ವಿಷವಲ್ಲ. ಅದು ಮಿತಿಮೀರದಂತೆ ನೋಡಿಕೊಂಡರೆ ಸಾಕು. ಎರಡೂ ಗುಂಪುಗಳು ತೊಟ್ಟಿಯ ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಸಾಕಷ್ಟು ಸಂಖ್ಯೆಯಲ್ಲಿ ನೆಲೆಯೂರುವವರೆಗಿನ ಅವಧಿಯೇ ಸೈಕ್ಲಿಂಗ್. ಮೀನಿಲ್ಲದ ತೊಟ್ಟಿಯಲ್ಲಿ ಅವುಗಳ ಊಟಕ್ಕೆ ಅಮೋನಿಯಂ ಕ್ಲೋರೈಡನ್ನೋ ಕೊಳೆಯುವ ಸೀಗಡಿಯ ತುಂಡನ್ನೋ ನಾವೇ ಹಾಕಬೇಕು. ಉಪ್ಪುನೀರಿನಲ್ಲಿ ಸೈಕ್ಲಿಂಗ್‌ಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಇಷ್ಟು ತಡ ಏಕೆ? ನಮಗೆ ಪರಿಚಿತವಾದ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಅಮೋನಿಯಾ ತಿನ್ನುವ ಜೀವಿಗಳಿಗೆ ಅಷ್ಟಕ್ಕೇ ಹಲವು ಗಂಟೆ, ಕೆಲವೊಮ್ಮೆ ಒಂದು ದಿನಕ್ಕೂ ಮೀರಿದ ಸಮಯ ಹಿಡಿಯುತ್ತದೆ. ಸಕ್ಕರೆ, ಪಿಷ್ಟದಂಥ ಶಕ್ತಿತುಂಬಿದ ಆಹಾರ ಅವುಗಳಿಗೆ ಬೇಡ. ಅಮೋನಿಯಾವನ್ನು ಆಮ್ಲಜನಕದೊಡನೆ ಕೂಡಿಸಿದಾಗ ಹೊಮ್ಮುವ ಅಲ್ಪ ಶಕ್ತಿಯಲ್ಲೇ ಇಂಗಾಲದ ಡೈಆಕ್ಸೈಡಿನಿಂದ ತಮ್ಮ ಮೈ ಕಟ್ಟಿಕೊಳ್ಳಬೇಕು. ಹಾಗಾಗಿ ಅವುಗಳ ಸಂಸಾರ ನಿಧಾನವಾಗಿಯೇ ಬೆಳೆಯುತ್ತದೆ.

ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಗಳಿಗೆಗೊಮ್ಮೆ ಅಲುಗಾಡಿಸಿ ನೋಡುವವರ ಮನೆಯಲ್ಲಿ ಮೊಸರು ಗಟ್ಟಿಯಾಗುವುದಿಲ್ಲ. ಹೊಸ ತೊಟ್ಟಿಯ ಪಾಡೂ ಅದೇ. ಹೆಪ್ಪು ಸರಿಯಾಗಿರಬೇಕು, ಶಾಖ ಸರಿಯಾಗಿರಬೇಕು, ಆಮೇಲೆ ಬಿಟ್ಟುಬಿಡಬೇಕು.

ಲಂಡನ್ನಿನ ಕಿಟಕಿ, ಸಿಯಾಟಲ್‌ನ ಜಲ್ಲಿ

ಮನೆಯೊಳಗೆ ಕಡಲನ್ನು ಬದುಕಿಸುವ ಆಸೆ ಹೊಸದಲ್ಲ. 1846ರಲ್ಲಿ ಇಂಗ್ಲೆಂಡಿನ ಅನ್ನಾ ಥಿನ್ ಎಂಬ ಮಹಿಳೆ ಟಾರ್ಕಿ ಕರಾವಳಿಯಿಂದ ಜೀವಂತ ಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದರು. ಊರೋ ಕಡಲಿನಿಂದ ದೂರ. ಸಮುದ್ರದ ನೀರನ್ನು ಮತ್ತೆ ಮತ್ತೆ ತರಿಸುವುದು ಕಷ್ಟವಾಗಿತ್ತು. ಅವರು ಹೂಡಿದ ಉಪಾಯ ಸರಳವಾದದ್ದು. ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ಇದ್ದ ನೀರನ್ನೇ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಗಾಳಿ ಬೆರೆಸುತ್ತಿದ್ದಳು. ಮುಂದೆ ಕಡಲ ಪಾಚಿಯನ್ನೂ ಸೇರಿಸಿದಾಗ ಆ ತೊಟ್ಟಿ ವರ್ಷಗಟ್ಟಲೆ ಬಾಳಿತು. ನೀರು ಬದಲಿಸುವುದಕ್ಕಿಂತ ನೀರಿಗೆ ಉಸಿರು ಕೊಡುವುದು ಮುಖ್ಯ ಎಂಬುದನ್ನು ಆಕೆ ಕೈಯಾರೆ ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ, 1853ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ಬಾಗಿಲು ತೆರೆಯಿತು.

ಆದರೆ ಆ ಕಾಲದವರಿಗೆ ಸೂಕ್ಷ್ಮಜೀವಿಗಳ ಪಾತ್ರ ತಿಳಿದಿರಲಿಲ್ಲ. ಗಿಡವೂ ಪ್ರಾಣಿಯೂ ಸಮತೂಕದಲ್ಲಿದ್ದರೆ ನೀರು ತಾನಾಗಿ ಶುದ್ಧವಾಗುತ್ತದೆ ಎಂದೇ ನಂಬಿದ್ದರು. 1877ರಲ್ಲಿ ಫ್ರಾನ್ಸಿನ ಶ್ಲೊಸಿಂಗ್ ಮತ್ತು ಮ್ಯುಂಟ್ಜ್ ಒಂದು ಪ್ರಯೋಗ ಮಾಡಿದರು. ಮರಳಿನ ಮೂಲಕ ಕೊಳಚೆ ನೀರನ್ನು ಹಾಯಿಸುತ್ತ ಹೋದಾಗ ಸ್ವಲ್ಪ ದಿನಗಳಾದ ಮೇಲೆ ಅಮೋನಿಯಾ ನೈಟ್ರೇಟ್ ಆಗತೊಡಗಿತು. ಅದಕ್ಕೆ ಕ್ಲೋರೋಫಾರ್ಮ್ ಸೇರಿಸಿದೊಡನೆ ಎಲ್ಲವೂ ನಿಂತಿತು. ಇದು ಬರೀ ರಾಸಾಯನಿಕ ಕ್ರಿಯೆಯಲ್ಲ, ಯಾವುದೋ ಜೀವಿಯ ಕೆಲಸ ಎಂಬುದಕ್ಕೆ ಅದೇ ಸಾಕ್ಷಿಯಾಯಿತು. ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದವರು ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ.

ಆ ಪ್ರಯೋಗದ ಇನ್ನೊಂದು ವಿವರ ಹೊಸ ತೊಟ್ಟಿಯವರಿಗೆ ಬಹಳ ಮುಖ್ಯ. ಅಲ್ಲೂ ಮೊದಲ ಕೆಲವು ದಿನ ಏನೂ ಆಗಿರಲಿಲ್ಲ. ಅಮೋನಿಯಾ ಬಂದಹಾಗೆಯೇ ಹೊರಬೀಳುತ್ತಿತ್ತು. ಆ ಕಾಯುವಿಕೆಯೇ ಇಂದು ನಮ್ಮ ಹಾಲ್‌ನಲ್ಲಿ ನಡೆಯುವ ಸೈಕ್ಲಿಂಗ್.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಕಡಲ ತೊಟ್ಟಿಯೊಂದರ ಜಲ್ಲಿಯಿಂದ ವಿಜ್ಞಾನಿಗಳು ಒಂದು ಜೀವಿಯನ್ನು ಬೇರ್ಪಡಿಸಿ 2005ರಲ್ಲಿ ಪ್ರಕಟಿಸಿದರು. ಅದು ಬ್ಯಾಕ್ಟೀರಿಯಾವೇ ಅಲ್ಲ, ಆರ್ಕಿಯಾ ಎಂಬ ಬೇರೆಯದೇ ವಂಶದ್ದು. ಹೆಸರು ನೈಟ್ರೊಸೊಪುಮಿಲಸ್ ಮ್ಯಾರಿಟಿಮಸ್. ಅತ್ಯಲ್ಪ ಅಮೋನಿಯಾದಲ್ಲೂ ಬದುಕಬಲ್ಲ ಈ ಬಳಗದವು ವಿಶಾಲ ಸಾಗರದಲ್ಲಿ ಅಪಾರ ಸಂಖ್ಯೆಯಲ್ಲಿವೆ ಎಂಬುದು ಆಮೇಲೆ ತಿಳಿಯಿತು. ಸಮುದ್ರದ ಸಾರಜನಕ ಚಕ್ರದ ಬಗ್ಗೆ ಇದ್ದ ತಿಳಿವಳಿಕೆಯನ್ನೇ ಬದಲಿಸಿದ ಆ ಜೀವಿ ಸಿಕ್ಕಿದ್ದು ಅಕ್ವೇರಿಯಂ ತೊಟ್ಟಿಯ ತಳದಲ್ಲಿ! ಅದು ಸಿಕ್ಕಿದ್ದು ಜಲ್ಲಿಯಲ್ಲಿ ಎಂಬುದನ್ನು ಗಮನಿಸಬೇಕು. ನೀರು ಬದಲಿಸುವ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಬಕೆಟ್ಟಿನ ಲೆಕ್ಕ

ನೀರು ಚೆಲ್ಲಿದರೆ ಉಪಕಾರಿ ಜೀವಿಗಳೆಲ್ಲ ಹೊರಟುಹೋಗುತ್ತವೆ ಎಂಬ ಭಯ ಹಲವರದು. ಆದರೆ ಅವು ನೀರಿನಲ್ಲಿ ತೇಲಾಡುವುದು ಕಡಿಮೆ. ಅಂಟಿನಂಥ ಪದರ ಕಟ್ಟಿಕೊಂಡು ಕಲ್ಲು, ಮರಳು, ಸ್ಪಂಜು, ಗಾಜನ್ನು ಹಿಡಿದಿರುತ್ತವೆ. ನೂರು ಲೀಟರಿನ ತೊಟ್ಟಿಯಿಂದ ಇಪ್ಪತ್ತೈದು ಲೀಟರ್ ಹೊರತೆಗೆದರೂ ಆ ಪದರಕ್ಕೆ ಏನೂ ಆಗುವುದಿಲ್ಲ. ಸೈಕಲ್ ನಿಂತುಹೋಗುತ್ತದೆ ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ.

ಹಾಗಾದರೆ ಬದಲಿಸಿದರೆ ಬೇಗ ಮುಗಿಯುತ್ತದೆಯೇ? ಅದೂ ಇಲ್ಲ. ಅಮೋನಿಯಾ 4 ಪಿಪಿಎಂ (ಲೀಟರಿಗೆ 4 ಮಿಲಿಗ್ರಾಂ) ಇದ್ದಾಗ ಕಾಲುಭಾಗ ನೀರು ಬದಲಿಸಿದರೆ ಅದು 3ಕ್ಕೆ ಇಳಿಯುತ್ತದೆ. ಅಂಕಿ ಚಂದ ಕಾಣುತ್ತದೆ, ತಿನ್ನುವವರ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ. ಆ ಜೀವಿಗಳ ಬೆಳವಣಿಗೆಗೆ ಒಂದು ಮಿತಿಯ ಆಚೆ ಊಟ ಹೆಚ್ಚಿದ್ದರೂ ಲಾಭವಿಲ್ಲ, ಸ್ವಲ್ಪ ಕಡಿಮೆಯಾದರೂ ನಷ್ಟವಿಲ್ಲ. ಸಂಸಾರ ಬೆಳೆಯಲು ಬೇಕಾದ ಸಮಯವನ್ನು ಯಾವ ಬಕೆಟ್ಟೂ ಮೊಟಕುಗೊಳಿಸಲಾರದು.

ಹಾಗಾಗಿ ಮೀನಿಲ್ಲದ ತೊಟ್ಟಿಯಲ್ಲಿ ಸೈಕಲ್ ನಡೆಯುವಾಗ ವಾರವಾರ ನೀರು ಬದಲಿಸುವುದು ಅಪಾಯವೂ ಅಲ್ಲ, ಉಪಕಾರವೂ ಅಲ್ಲ. ಬರೀ ದಂಡ. ನಾಲ್ಕು ವಾರ ಕಾಲುಭಾಗದಂತೆ ಬದಲಿಸಿದರೆ ನೂರು ಲೀಟರ್ ನೀರು, ಮೂರೂವರೆ ಕಿಲೋಗೂ ಮೀರಿ ಉಪ್ಪು ಚರಂಡಿ ಸೇರುತ್ತದೆ. ಅಷ್ಟು ಆರ್‌ಓ ನೀರು ತೆಗೆಯುವಾಗ ಮನೆಯ ಯಂತ್ರ ಅದರ ಎರಡು ಮೂರು ಪಟ್ಟು ನೀರನ್ನು ಹೊರಚೆಲ್ಲಿರುತ್ತದೆ. 2024ರ ಬೇಸಿಗೆಯಲ್ಲಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶಿಸಿದ್ದನ್ನು ನೆನೆದರೆ, ಇದು ಹಣದ ಲೆಕ್ಕ ಮಾತ್ರವಲ್ಲ ಎಂಬುದು ತಿಳಿದೀತು.

ಯಾವಾಗ ಬದಲಿಸಲೇಬೇಕು?

ಕೈಕಟ್ಟಿ ಕೂರುವ ನಿಯಮಕ್ಕೆ ಅಪವಾದಗಳಿವೆ. ಮೊದಲನೆಯದು, ಅಮೋನಿಯಾ ಮಿತಿಮೀರಿದಾಗ. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ: ಅಷ್ಟಾಗಿ ಅಪಾಯವಿಲ್ಲದ ಅಮೋನಿಯಂ, ವಿಷವಾದ ಮುಕ್ತ ಅಮೋನಿಯಾ. ಕಿಟ್‌ಗಳು ಸಾಮಾನ್ಯವಾಗಿ ಎರಡನ್ನೂ ಕೂಡಿಸಿ ತೋರಿಸುತ್ತವೆ. ಯಾವುದು ಎಷ್ಟು ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಪಿಎಚ್. ಸಿಹಿನೀರಿನ ತೊಟ್ಟಿಯಲ್ಲಿ ಪಿಎಚ್ 7 ಇದ್ದರೆ ಮುಕ್ತ ಅಮೋನಿಯಾದ ಪಾಲು ಶೇಕಡ ಅರ್ಧದಷ್ಟು. ಕಡಲ ನೀರಿನ ಪಿಎಚ್ 8.2ರ ಆಸುಪಾಸು. ಅಲ್ಲಿ, 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಅದು ಶೇಕಡ ಏಳರಷ್ಟಾಗುತ್ತದೆ. ಅಂದರೆ ಕಿಟ್ ತೋರಿಸುವ ಅಂಕಿ ಒಂದೇ ಆಗಿದ್ದರೂ ಉಪ್ಪುನೀರಿನಲ್ಲಿ ವಿಷ ಹತ್ತು ಪಟ್ಟಿಗೂ ಹೆಚ್ಚು.

ಈ ಮುಕ್ತ ಅಮೋನಿಯಾ ಮೀನಿಗಷ್ಟೇ ಅಲ್ಲ, ಸೈಕಲ್‌ಗೂ ಅಡ್ಡಿ. ಅದು ಲೀಟರಿಗೆ 0.1ರಿಂದ 1 ಮಿಲಿಗ್ರಾಂ ಮುಟ್ಟಿದರೆ ನೈಟ್ರೈಟ್ ತಿನ್ನುವ ಗುಂಪು ಮಂಕಾಗುತ್ತದೆ ಎಂಬುದನ್ನು ಕೊಳಚೆನೀರು ಶುದ್ಧೀಕರಣದ ತಜ್ಞರು 1970ರ ದಶಕದಲ್ಲೇ ಗುರುತಿಸಿದ್ದರು. ಕಡಲ ತೊಟ್ಟಿಯಲ್ಲಿ ಒಟ್ಟು ಅಮೋನಿಯಾ 5 ಪಿಪಿಎಂ ಆದರೆ ಮುಕ್ತ ಅಮೋನಿಯಾ 0.35ರ ಹತ್ತಿರ. ಅಮೋನಿಯಂ ಕ್ಲೋರೈಡ್ ಹಾಕುವಾಗ ಅಳತೆ ತಪ್ಪಿದರೆ, ಕಲ್ಲಿನೊಳಗಿದ್ದ ಜೀವಿಗಳು ಸತ್ತು ಕೊಳೆತರೆ, ಸೀಗಡಿಯ ತುಂಡು ದೊಡ್ಡದಾದರೆ ಇಷ್ಟಕ್ಕೆ ಏರುವುದುಂಟು. ಆಗ ಅರ್ಧದಷ್ಟು ನೀರು ಬದಲಿಸಿ 2 ಪಿಪಿಎಂ ಸುತ್ತಮುತ್ತ ತಂದು ನಿಲ್ಲಿಸುವುದು ಜಾಣತನ.

ಎರಡನೆಯದು, ಪಿಎಚ್ ಕುಸಿದಾಗ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ, ನೀರಿನ ಕ್ಷಾರತೆ ಖರ್ಚಾಗುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು ಏಳು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರತೆ ಬೇಕು. ಒಂದೆರಡು ಸಲ ಅಮೋನಿಯಾ ಹಾಕಿದರೆ ಇದು ಗಮನಕ್ಕೂ ಬರುವುದಿಲ್ಲ. ಹಾಕುತ್ತಲೇ ಹೋದರೆ ಕ್ಷಾರತೆ ಬರಿದಾಗಿ ಪಿಎಚ್ ಇಳಿಯುತ್ತದೆ, ಜೀವಿಗಳ ಕೆಲಸ ನಿಧಾನವಾಗುತ್ತದೆ. ವಾರಗಟ್ಟಲೆ ಅಂಕಿ ಅಲುಗಾಡದೆ ನಿಂತಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಇದನ್ನು. ಹೊಸ ಉಪ್ಪುನೀರು ಆ ಕ್ಷಾರತೆಯನ್ನು ಮತ್ತೆ ತುಂಬಿಕೊಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ತೊಟ್ಟಿಯಲ್ಲಿ ಮೀನು ಇದ್ದಾಗ. ಡ್ಯಾಮ್ಸೆಲ್ ಎಂಬ ಗಟ್ಟಿ ಜೀವದ ಪುಟ್ಟ ಮೀನನ್ನು ಬಿಟ್ಟು ಸೈಕಲ್ ಮಾಡಿಸುವುದು ಹಳೆಯ ರೂಢಿ. ಬದುಕಿದರೆ ಬದುಕಲಿ, ಸತ್ತರೆ ಸಾಯಲಿ ಎಂಬ ಧೋರಣೆ ಅದರಲ್ಲಿತ್ತು. ಬಾಟಲಿಯಲ್ಲಿ ಅಮೋನಿಯಾ ಸಿಗುವ ಈ ಕಾಲದಲ್ಲಿ ಒಂದು ಜೀವಕ್ಕೆ ಆ ಹಿಂಸೆ ಕೊಡಬೇಕಾಗಿಲ್ಲ. ಆದರೂ ಅವಸರಕ್ಕೋ ಅಂಗಡಿಯ ಸಲಹೆಗೋ ಮೀನು ಬಂದುಬಿಟ್ಟಿದ್ದರೆ ಮೇಲೆ ಹೇಳಿದ್ದೆಲ್ಲ ತಲೆಕೆಳಗಾಗುತ್ತದೆ. ಮುಕ್ತ ಅಮೋನಿಯಾ ಲೀಟರಿಗೆ 0.02 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುವುದು ಮೀನು ಸಾಕಣೆಯವರು ಪಾಲಿಸುವ ಎಚ್ಚರ. ಕಡಲ ತೊಟ್ಟಿಯ ಲೆಕ್ಕದಲ್ಲಿ ಅದು ಒಟ್ಟು ಅಮೋನಿಯಾ 0.3 ಪಿಪಿಎಂ ಆದಾಗಲೇ ಬಂದುಬಿಡುತ್ತದೆ. ಆಗ ದಿನವೂ ಅಳೆಯಬೇಕು, ಬೇಕಾದರೆ ದಿನವೂ ಬದಲಿಸಬೇಕು. ಸೈಕಲ್ ಒಂದು ವಾರ ತಡವಾದರೂ ಚಿಂತೆಯಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ತೊಟ್ಟಿಯ ಪಿಎಚ್ ತೀರ ಇಳಿದಿರುವಾಗ ಅಮೋನಿಯಾದ ಬಹುಪಾಲು ನಿರಪಾಯ ರೂಪದಲ್ಲಿರುತ್ತದೆ. ಆಗ ಪಿಎಚ್ ಹೆಚ್ಚಿರುವ ಹೊಸ ನೀರನ್ನು ಒಮ್ಮೆಲೆ ಸುರಿದರೆ ಅದು ಥಟ್ಟನೆ ವಿಷರೂಪಕ್ಕೆ ತಿರುಗಬಹುದು. ಮೀನಿರುವ ತೊಟ್ಟಿಯಲ್ಲಿ ಸ್ವಲ್ಪಸ್ವಲ್ಪವಾಗಿ, ಹಲವು ಸಲಕ್ಕೆ ಹಂಚಿ ಬದಲಿಸಬೇಕು.

ನೈಟ್ರೈಟಿನ ವಿಚಾರದಲ್ಲಿ ಮಾತ್ರ ಉಪ್ಪುನೀರಿನವರಿಗೆ ತುಸು ಸಮಾಧಾನ. ಸಿಹಿನೀರಿನ ಮೀನಿನ ಕಿವಿರಿನ ಮೂಲಕ ನೈಟ್ರೈಟ್ ರಕ್ತ ಸೇರಿ, ರಕ್ತ ಕಂದಾಗಿ, ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ. ಕಿವಿರಿನ ಅದೇ ದಾರಿಯಲ್ಲಿ ಅದೂ ನುಗ್ಗುವುದರಿಂದ ನೈಟ್ರೈಟಿಗೆ ಒಳಹೋಗಲು ಎಡೆ ಸಿಗುವುದು ಕಷ್ಟ. ಹಾಗೆಂದು ಅದನ್ನು ಮರೆಯುವಂತಿಲ್ಲ. ಅದು ಸೊನ್ನೆಗಿಳಿಯುವುದೇ ಸೈಕಲ್ ಮುಗಿದುದರ ಗುರುತು.

ಬೆದರಬೇಡಿ ಎನ್ನುವ ಗುರುತುಗಳು

ಮೊದಲ ವಾರಗಳಲ್ಲಿ ನೀರು ಹಾಲಿನಂತೆ ಮಬ್ಬಾದರೆ ಅದು ನೀರಿನಲ್ಲಿ ತೇಲುವ ಬೇರೆ ಬ್ಯಾಕ್ಟೀರಿಯಾಗಳ ಸುಗ್ಗಿ. ಊಟ ಮುಗಿದ ಮೇಲೆ ಅವು ತಾವಾಗಿ ಇಳಿದುಹೋಗುತ್ತವೆ. ಕಲ್ಲು, ಮರಳಿನ ಮೇಲೆ ಕಂದು ಪುಡಿಯಂತೆ ಹರಡುವುದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಸಿಲಿಕೇಟ್ ಇರುವತನಕ ಅದು ಬೆಳೆಯುತ್ತದೆ. ಸಾಮಾನ್ಯ ನಲ್ಲಿನೀರು ತಂದು ಬದಲಿಸಿದರೆ ಇನ್ನಷ್ಟು ಸಿಲಿಕೇಟ್ ಸೇರಿ ಸುಗ್ಗಿ ಮುಂದುವರಿಯುತ್ತದೆ.

ನೈಟ್ರೇಟಿನ ಅಂಕಿ ಏಕಾಏಕಿ ಜಿಗಿದರೂ ಬೆದರಬೇಕಾಗಿಲ್ಲ. ಹಲವು ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿಕೊಂಡು ಆಮೇಲೆ ಅಳೆಯುತ್ತವೆ. ನೀರಿನಲ್ಲಿ ಆಗಲೇ ನೈಟ್ರೈಟ್ ತುಂಬಿರುವಾಗ ಅವು ಇಲ್ಲದ ನೈಟ್ರೇಟನ್ನೂ ತೋರಿಸುತ್ತವೆ. ನೈಟ್ರೈಟ್ ಇಳಿಯುವವರೆಗೆ ಆ ಅಂಕಿಯನ್ನು ನಂಬಿ ಬಕೆಟ್ ಎತ್ತಬಾರದು.

ನೀರು ಬದಲಿಸುವುದೂ ಕಡಿಮೆಯಾದ ನೀರು ತುಂಬುವುದೂ ಬೇರೆ ಬೇರೆ. ಆವಿಯಾಗುವುದು ಸಿಹಿನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಸಾವಿರಕ್ಕೆ 35 ಪಾಲು ಉಪ್ಪಿರುವ ನೂರು ಲೀಟರಿನಲ್ಲಿ ಐದು ಲೀಟರ್ ಆವಿಯಾದರೆ ಉಪ್ಪಿನಂಶ 37ರ ಹತ್ತಿರ ಹೋಗುತ್ತದೆ. ಅಲ್ಲಿಗೆ ಮತ್ತೆ ಉಪ್ಪುನೀರು ಸುರಿದರೆ ಅದು ಇನ್ನೂ ಏರುತ್ತದೆ. ಸೈಕಲ್ ನಡೆಯುವಾಗಲೂ ದಿನವೂ ಮಾಡಬೇಕಾದ ಕೆಲಸವೆಂದರೆ ಇದೊಂದೇ: ಗುರುತು ಹಾಕಿದ ಗೆರೆಯವರೆಗೆ ಶುದ್ಧ ಸಿಹಿನೀರು ತುಂಬುವುದು.

ಕೊನೆಗೊಂದು ದೊಡ್ಡ ಬದಲಾವಣೆ

ಸೈಕಲ್ ಮುಗಿಯಿತು ಎಂದು ತಿಳಿಯುವುದು ಹೇಗೆ? ಅಮೋನಿಯಾ 2 ಪಿಪಿಎಂ ಆಗುವಷ್ಟು ಹಾಕಿ ಒಂದು ದಿನ ಬಿಟ್ಟು ನೋಡಬೇಕು. ಅಮೋನಿಯಾವೂ ನೈಟ್ರೈಟೂ ಎರಡೂ ಸೊನ್ನೆ ತೋರಿಸಿದರೆ ತೊಟ್ಟಿ ಸಿದ್ಧ. ಬಕೆಟ್ ಎತ್ತಬೇಕಾದ ಹೊತ್ತು ಅದು.

ಒಂದು ಪಾಲು ಅಮೋನಿಯಾದಿಂದ ತೂಕದಲ್ಲಿ ಮೂರೂವರೆ ಪಾಲಿಗೂ ಹೆಚ್ಚು ನೈಟ್ರೇಟ್ ಹುಟ್ಟುತ್ತದೆ. ತಿಂಗಳಿಡೀ ಹಾಕಿದ ಅಮೋನಿಯಾ ಒಟ್ಟು 10 ಪಿಪಿಎಂ ಎಂದಿಟ್ಟುಕೊಂಡರೆ ನೈಟ್ರೇಟ್ 36ರಷ್ಟಾಗಿರುತ್ತದೆ. ಅರ್ಧ ನೀರು ಬದಲಿಸಿದರೆ 18, ಮತ್ತೊಮ್ಮೆ ಅರ್ಧ ಬದಲಿಸಿದರೆ 9. ಮೀನಿಲ್ಲದ ತೊಟ್ಟಿಯಾದ್ದರಿಂದ ಎಷ್ಟು ದೊಡ್ಡ ಬದಲಾವಣೆಗೂ ಹೆದರಬೇಕಿಲ್ಲ. ಇಂಥ ಅವಕಾಶ ಮುಂದೆ ಸಿಗುವುದಿಲ್ಲ. ಮೀನು ಬಂದ ಮೇಲೆ ಏನಿದ್ದರೂ ಹತ್ತು ಹದಿನೈದು ಲೀಟರಿನ ಸಣ್ಣ ಬದಲಾವಣೆಗಳೇ.

ಬದಲಿಸುವ ಕ್ರಮದಲ್ಲಿ ಅವಸರ ಸಲ್ಲದು. ಬೇರೆ ಡ್ರಮ್ಮಿನಲ್ಲಿ ಲೀಟರಿಗೆ 35ರಿಂದ 38 ಗ್ರಾಂ ಅಕ್ವೇರಿಯಂ ಉಪ್ಪು ಬೆರೆಸಿ, ಒಳಗೊಂದು ಪಂಪ್ ಇಟ್ಟು ತಿರುಗಲು ಬಿಡಬೇಕು. ಅಡುಗೆ ಉಪ್ಪಾಗಲಿ ಕಲ್ಲುಪ್ಪಾಗಲಿ ಇದಕ್ಕೆ ಒದಗುವುದಿಲ್ಲ. ಕಡಲ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲವೂ ಇರಬೇಕು. ನೀರು ತಿಳಿಯಾದ ಮೇಲೆ ರಿಫ್ರಾಕ್ಟೋಮೀಟರಿನಲ್ಲಿ ಉಪ್ಪಿನಂಶ ನೋಡಿ, ಶಾಖ ತೊಟ್ಟಿಯದಕ್ಕೆ ಸರಿಹೊಂದಿಸಿ ಆಮೇಲೆ ಸುರಿಯಬೇಕು. ನೀರು ಇಳಿಸುವ ಮುಂಚೆ ಹೀಟರನ್ನೂ ಪಂಪನ್ನೂ ಆರಿಸಬೇಕು. ಬಿಸಿಯಾದ ಹೀಟರ್ ಗಾಳಿಗೆ ತೆರೆದುಕೊಂಡರೆ ಗಾಜು ಸಿಡಿಯುತ್ತದೆ.

ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಲೇಬಾರದು. ಕ್ಲೋರಿನ್ ಇರುವ ನೀರು ತಿಂಗಳ ದುಡಿಮೆಯನ್ನು ನಿಮಿಷದಲ್ಲಿ ಹಾಳುಮಾಡೀತು. ಹೊರತೆಗೆದ ಹಳೆಯ ಉಪ್ಪುನೀರಿನಲ್ಲೇ ಅದನ್ನು ಹಿಂಡಿದರೆ ಸಾಕು. ಕರೆಂಟ್ ಹೋದರೆ ಪಂಪ್ ನಿಂತು ಆ ಜೀವಿಗಳಿಗೆ ಉಸಿರುಕಟ್ಟುತ್ತದೆ. ಗಂಟೆಗಟ್ಟಲೆ ವಿದ್ಯುತ್ ಕೈಕೊಡುವ ಊರುಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್, ದುಬಾರಿ ದೀಪವಲ್ಲ.

ನೀರು ಎಲ್ಲಿಂದ? ಕಲ್ಲು ಎಲ್ಲಿಂದ?

ನಮ್ಮ ಊರುಗಳ ಮಟ್ಟಿಗೆ ನಿಜವಾದ ತೊಡಕು ಇರುವುದು ನೀರಿನ ಮೂಲದಲ್ಲಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಒಪ್ಪುವ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಮಗೆ ಕುಡಿಯಲು ಯೋಗ್ಯವಾದ ಅದೇ ನೀರು ಹವಳ ಸಾಕುವವರ ಲೆಕ್ಕದಲ್ಲಿ ಬಲು ಹೆಚ್ಚು ನೈಟ್ರೇಟಿನದು. ಅಂಥ ಬೋರ್‌ವೆಲ್ ನೀರನ್ನೇ ತುಂಬಿಸಿ, ನೈಟ್ರೇಟ್ ಇಳಿಸಲೆಂದು ಮತ್ತೆ ಅದೇ ನೀರು ಬದಲಿಸುತ್ತ ಹೋದರೆ ಅದು ಎಂದಾದರೂ ಇಳಿದೀತೇ? ಆದ್ದರಿಂದ ಮೊದಲ ದಿನದಿಂದಲೇ ಆರ್‌ಓ ನೀರು ಬೇಕು. ಮನೆಯ ಕುಡಿಯುವ ನೀರಿನ ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಇದ್ದರೆ ಅದು ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನು ಬೆರೆಸಿಯೇ ಕೊಡುತ್ತದೆ. ಟಿಡಿಎಸ್ ಮೀಟರ್ ಅದ್ದಿ ನೋಡದೆ ಆ ನೀರನ್ನು ನಂಬುವಂತಿಲ್ಲ.

ಕರಾವಳಿಯವರಿಗೆ ಕಡಲೇ ಬಾಗಿಲಲ್ಲಿದೆಯಲ್ಲ ಎನ್ನಬಹುದು. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳು ಸಮುದ್ರ ಸೇರುವ ಕಡೆ ದಡದ ನೀರು ಸಪ್ಪೆಯಾಗಿ, ಕೆಸರಾಗಿರುತ್ತದೆ. ಬಂದರಿನ ಬಳಿ ಡೀಸೆಲ್, ಎಣ್ಣೆ ಬೆರೆತಿರುತ್ತದೆ. ಮಳೆ ನಿಂತು ನೀರು ತಿಳಿಯಾದ ತಿಂಗಳುಗಳಲ್ಲಿ, ಅಳಿವೆಯಿಂದಲೂ ಬಂದರಿನಿಂದಲೂ ದೂರ ಹೋಗಿ ತಂದರೆ ಮಾತ್ರ ಅದು ಬಳಕೆಗೆ ಬಂದೀತು, ಅದೂ ಸೋಸಿ, ಉಪ್ಪಿನಂಶ ಅಳೆದ ಮೇಲೆ.

ಕಲ್ಲಿನ ವಿಚಾರದಲ್ಲಿ ಕಾನೂನೇ ಗೆರೆ ಎಳೆದಿದೆ. 1960ರ ದಶಕದಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಜೀವಿಗಳು ತುಂಬಿದ ಕಡಲ ಕಲ್ಲು ಮತ್ತು ಗಾಳಿಗುಳ್ಳೆಗಳನ್ನಷ್ಟೇ ನೆಚ್ಚಿ ತೊಟ್ಟಿ ನಡೆಸಿ ತೋರಿಸಿದ್ದರು. ಲೈವ್ ರಾಕ್ ಎಂದು ಜಗತ್ತು ಕೊಂಡಾಡಿದ ಆ ಕಲ್ಲು ಸೈಕಲ್‌ಗೆ ಒಳ್ಳೆಯ ಆರಂಭ ಕೊಡುವುದು ನಿಜ. ಆದರೆ ನಮ್ಮಲ್ಲಿ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವುಗಳಿಗೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಮನ್ನಾರ್ ಕೊಲ್ಲಿಯಿಂದಾಗಲಿ ಹವಳದ ಕಲ್ಲು ಕಿತ್ತು ತರುವುದು ಜೈಲುಶಿಕ್ಷೆಯ ಅಪರಾಧ. ಒಣ ಕಲ್ಲು, ಸೆರಾಮಿಕ್ ಕಲ್ಲುಗಳಿಂದ ಶುರುಮಾಡಿ, ಬಾಟಲಿಯ ಬ್ಯಾಕ್ಟೀರಿಯಾ ಸೇರಿಸಿ, ಎರಡು ವಾರ ಹೆಚ್ಚು ಕಾದರೆ ಕಡಲಿಗೂ ಕ್ಷೇಮ, ನಮಗೂ ಕ್ಷೇಮ. ಮೀನನ್ನೂ ಹಾಗೆಯೇ ಆಯ್ದುಕೊಳ್ಳಬಹುದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಫಿಶ್‌ಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ. ಸಾಕಣೆಯಲ್ಲಿ ಹುಟ್ಟಿದ ಮೀನು ಸಿಗುವಾಗ ಬಂಡೆಯಿಂದ ಹಿಡಿದು ತಂದದ್ದನ್ನು ಕೇಳಬೇಕಾಗಿಲ್ಲ.

ಒಟ್ಟಿನಲ್ಲಿ ಹೊಸ ಉಪ್ಪುನೀರಿನ ತೊಟ್ಟಿಗೆ ನಿಯಮ ಇಷ್ಟೇ. ಮೀನಿಲ್ಲದಿದ್ದರೆ ಸೈಕಲ್ ಮುಗಿಯುವವರೆಗೆ ನೀರು ಬದಲಿಸಬೇಡಿ. ಅಮೋನಿಯಾ 5 ಪಿಪಿಎಂ ಮುಟ್ಟಿದರೆ, ಪಿಎಚ್ ಕುಸಿದರೆ ಮಾತ್ರ ಬದಲಿಸಿ. ಮೀನಿದ್ದರೆ ಅಂಕಿ ನೋಡಿ ದಿನವೂ ಬದಲಿಸಲು ಸಿದ್ಧರಾಗಿರಿ. ಸೈಕಲ್ ಮುಗಿದ ದಿನ ಧಾರಾಳವಾಗಿ ಬದಲಿಸಿ. ಆವಿಯಾದಷ್ಟು ಸಿಹಿನೀರು ದಿನವೂ ತುಂಬಿ. ಟೆಸ್ಟ್ ಕಿಟ್ಟಿಗೆ ಖರ್ಚುಮಾಡಿ, ಉಪ್ಪನ್ನು ಉಳಿಸಿ. ಆರು ವಾರ ತಾಳುವ ಸಹನೆ ಇಲ್ಲದವರು ಕಡಲ ತೊಟ್ಟಿ ಕಟ್ಟದಿರುವುದೇ ಮೀನುಗಳಿಗೆ ಮಾಡುವ ಉಪಕಾರ.